ನಾಲ್ಕು ಅಂದ್ರೆ ಎಷ್ಟು? ಕೌದಿ ಬಟ್ಟೆ, ಗಜ ಮತ್ತು ಮೀಟರಿನ ಚರಿತ್ರೆ

ಹೋದ ವರ್ಷ ಚಳಿಗಾಲಕ್ಕೆ ಮುಂಚೆ, ಶಿಕಾಗೋದಲ್ಲಿರುವ ನಮ್ಮ ಖಾಲಾನ ಮಗಳಿಂದ ಒಂದು ಮೆಸೇಜ್ ಬಂತು. ಅವಳಿಗೆ ನಮ್ಮ ಅಮ್ಮಿ ಕೈಯಲ್ಲಿ ಹೊಲಿದ ಕೌದಿ ಬೇಕಿತ್ತು. ಮೇಲಿನ ಪದರವನ್ನು ತಾನೇ ಅಲ್ಲಿ ಹತ್ತಿ ಬಟ್ಟೆಯ ಚೌಕ ಜೋಡಿಸಿ ಮಾಡಿ, ಈ ಕಡೆ ಬರುವವರೊಬ್ಬರ ಕೈಯಲ್ಲಿ ಕಳಿಸಿದ್ದಳು. ಉದ್ದ 84 ಇಂಚು, ಅಗಲ 70 ಇಂಚು. ಕೆಳಗಿನ ಅಸ್ತರಿಗೆ ಮಾತ್ರ ಹೈದರಾಬಾದಿನಲ್ಲೇ ಬಟ್ಟೆ ತಗೊಳ್ಳಿ, "4" ಸಾಕು ಅಂತ ಬರೆದಿದ್ದಳು. ಬರೀ ನಾಲ್ಕು. ನಾಲ್ಕು ಏನು ಅಂತ ಅವಳು ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಪತ್ತರ್‌ಗಟ್ಟಿಗೆ ಹೋದೆ. ಅಂಗಡಿಯವರು ಎರಡು ಥಾನು ಬಿಚ್ಚಿ ತೋರಿಸಿದರು. ಒಂದರ ಪನ್ನಾ 36 ಇಂಚು, ಮೀಟರಿಗೆ 120 ರೂಪಾಯಿ. ಇನ್ನೊಂದರ ಪನ್ನಾ 44 ಇಂಚು, ಮೀಟರಿಗೆ 140 ರೂಪಾಯಿ. ಹೇಗೂ ಕೌದಿಯ ಅಡಿಗೆ ಹೋಗುವ ಬಟ್ಟೆ, ಅಗ್ಗದ್ದೇ ಇರಲಿ ಅಂತ ಮೊದಲನೆಯದನ್ನು ನಾಲ್ಕು ಮೀಟರ್ ಹರಿಸಿಕೊಂಡೆ. 480 ರೂಪಾಯಿ ಕೊಟ್ಟು, ಉಳಿತಾಯ ಮಾಡಿದೆ ಅನ್ನುವ ಖುಷಿಯಲ್ಲಿ ಮನೆಗೆ ಬಂದೆ.

ಅಮ್ಮಿ ಆ ಬಟ್ಟೆಯನ್ನು ಮಧ್ಯಕ್ಕೆ ಎರಡು ತುಂಡು ಮಾಡಿ, ಪಕ್ಕಪಕ್ಕ ಇಟ್ಟು ಜೋಡಿಸಿ, ಮೇಲಿನ ಪದರದ ಜೊತೆ ಹಾಸಿ ನೋಡಿದರು. ಅಗಲ ಸರಿಹೋಯಿತು. ಉದ್ದ ಮಾತ್ರ ಐದು ಇಂಚು ಕಮ್ಮಿ ಬಿತ್ತು. ಅಮ್ಮಿ ಗೇಣು ಹಾಕಿ ನೋಡಿ, "ಅರ್ಧ ಗೇಣಿನ ಮೇಲೇ ಕಮ್ಮಿ. ಶಾಲೆಯಲ್ಲಿ ಮಕ್ಕಳಿಗೆ ಕಲಿಸೋದೂ ಇದೇ ಲೆಕ್ಕಾನಾ?" ಅಂತ ನಕ್ಕರು.

ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಅವಳ ನಾಲ್ಕು ಅಂದರೆ ನಾಲ್ಕು ಯಾರ್ಡು, ಅಂದರೆ 144 ಇಂಚು. ಅವಳ ಮನಸ್ಸಿನಲ್ಲಿದ್ದ ಪನ್ನಾ 44 ಇಂಚು. ಅದನ್ನು ಎರಡು ತುಂಡು ಮಾಡಿ ಜೋಡಿಸಿದರೆ 72 ಇಂಚಿಗೆ ಸುಮಾರು 87 ಇಂಚು ಆಗುತ್ತದೆ, ಕೌದಿಗೆ ಸರಿಯಾಗಿ ಸಾಕು. ನಾನು ತಂದದ್ದು ನಾಲ್ಕು ಮೀಟರ್, ಅಂದರೆ ಸುಮಾರು 157 ಇಂಚು. ಉದ್ದದಲ್ಲಿ ಅವಳು ಹೇಳಿದ್ದಕ್ಕಿಂತ ಹದಿಮೂರು ಇಂಚು ಹೆಚ್ಚೇ ತಂದಿದ್ದೆ. ಆದರೂ ಬಟ್ಟೆ ಸಾಲಲಿಲ್ಲ, ಯಾಕಂದರೆ ಪನ್ನಾ ಎಂಟು ಇಂಚು ಕಮ್ಮಿ. ಅವಳ ಲೆಕ್ಕದಲ್ಲಿ ಬಟ್ಟೆಯ ಹರವು 6,336 ಚದರ ಇಂಚು. ನನ್ನದು ಸುಮಾರು 5,670 ಮಾತ್ರ.

ಇನ್ನೊಂದು ಅವಮಾನವೂ ಕಾದಿತ್ತು. ಒಂದು ಚದರ ಮೀಟರಿಗೆ ಎಷ್ಟು ಬಿತ್ತು ಅಂತ ನೋಡಿದರೆ, ನಾನು ಅಗ್ಗ ಅಂತ ತಂದ 120 ರೂಪಾಯಿ ಬಟ್ಟೆಗೆ 131 ರೂಪಾಯಿ. ದುಬಾರಿ ಅಂತ ಬಿಟ್ಟುಬಂದ 140 ರೂಪಾಯಿ ಬಟ್ಟೆಗೆ 125 ರೂಪಾಯಿ. ಅಗ್ಗದ್ದೇ ದುಬಾರಿಯಾಗಿತ್ತು!

ತಪ್ಪು ಅಂಗಡಿಯವರದ್ದಲ್ಲ. ಅವರು ಮೀಟರ್ ಅಂತ ಹೇಳಿದರು, ಪನ್ನಾ ಹೇಳಿದರು, ಸರಿಯಾಗಿ ಅಳೆದೂ ಕೊಟ್ಟರು. ತಂಗಿಯನ್ನೂ ಬೈಯುವಂತಿಲ್ಲ. ಅಮೆರಿಕದಲ್ಲಿ ಬಟ್ಟೆ ಅಂದರೆ ಯಾರ್ಡು, ಕೌದಿ ಹೊಲಿಯುವ ಹತ್ತಿ ಬಟ್ಟೆ ಅಂದರೆ 44 ಇಂಚಿನ ಆಸುಪಾಸಿನ ಪನ್ನಾ. ಅದನ್ನು ಬಿಡಿಸಿ ಬರೆಯಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ. ನಮ್ಮ ನಮ್ಮ ಊರಿನ ಅಳತೆಯೇ ಲೋಕದ ಅಳತೆ ಅಂತ ಇಬ್ಬರೂ ಅಂದುಕೊಂಡಿದ್ದೆವು.

ನಾನು ಚರಿತ್ರೆ ಪಾಠ ಮಾಡುವ ಟೀಚರು. ಯುದ್ಧಗಳ ಇಸವಿ, ಸುಲ್ತಾನರ ಹೆಸರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಗಜಕಡ್ಡಿಯ ಚರಿತ್ರೆ ಮಾತ್ರ ಹೇಳುವುದಿಲ್ಲ. ಆದರೆ ಬಡವರ ಮನೆಗೆ ರಾಜನ ಆಳ್ವಿಕೆ ಬಂದು ತಟ್ಟುತ್ತಿದ್ದುದು ಹೆಚ್ಚಾಗಿ ಗಜಕಡ್ಡಿ, ತಕ್ಕಡಿ ಮತ್ತು ನಾಣ್ಯದ ಮೂಲಕವೇ. ಹಾಗಾಗಿ ಈ ಲೇಖನದಲ್ಲಿ ಗಜದ ಕಥೆ.

ಯಾರ ಕೈಯ ಮೊಳ?

ಮೊದಮೊದಲು ಮನುಷ್ಯ ಮೈಯಿಂದಲೇ ಅಳೆದ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಗೇಣು, ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮೊಳ, ಎರಡೂ ಕೈ ಚಾಚಿದರೆ ಮಾರು. ಎರಡು ಗೇಣು ಒಂದು ಮೊಳ, ಎರಡು ಮೊಳ ಒಂದು ಗಜ. ನಮ್ಮ ಕಡೆ ಅಜ್ಜಿಯರು ಉಡುತ್ತಿದ್ದ ಹದಿನೆಂಟು ಮೊಳದ ಸೀರೆಯೂ, ಮುಂಬೈ ಪುಣೆಯಲ್ಲಿರುವವರು ನೋಡುವ ಮರಾಠಿ ನೌವಾರಿಯೂ ಉದ್ದದಲ್ಲಿ ಒಂದೇ. ಹದಿನೆಂಟು ಮೊಳ ಅಂದರೆ ಒಂಬತ್ತು ಗಜ. ಮರಾಠಿಯಲ್ಲಿ ಗಜಕ್ಕೆ ವಾರ್ ಅಂತಾರೆ. ಕೊಲ್ಲಿ ದೇಶಗಳ ಬಟ್ಟೆ ಅಂಗಡಿಯಲ್ಲೂ ಯಾರ್ಡಿಗೆ ವಾರ್ ಅನ್ನುವ ಮಾತಿದೆ, ಅಲ್ಲಿ ಕೆಲಸ ಮಾಡಿ ಬಂದವರನ್ನು ಕೇಳಿ ನೋಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಕನ್ನಡ ಗಾದೆಯೂ, ಚಾದರ್ ನೋಡಿ ಕಾಲು ಚಾಚು ಅನ್ನುವ ಉರ್ದು ಗಾದೆಯೂ ಹೇಳುವುದು ಒಂದೇ. ಮನೆಯೊಳಗೆ ಕೌದಿ ಹೊಲಿಯುವವರಿಗೆ ಈ ಮೈಯಳತೆ ಸಾಕು. ಯಾರು ಹೊದೆಯುತ್ತಾರೋ ಅವರನ್ನೇ ಮಲಗಿಸಿ ಅಳೆದರೆ ಆಯಿತು. ತೊಂದರೆ ಶುರುವಾಗುವುದು ಬಜಾರದಲ್ಲಿ. ಕೊಳ್ಳುವವರ ಮೊಳ ಉದ್ದ, ಮಾರುವವರ ಮೊಳ ಗಿಡ್ಡ. ಯಾರ ಕೈ ಹಿಡಿಯಬೇಕು? ಹೀಗಾಗಿ ಎಲ್ಲರ ಕೈಗೂ ಬದಲಾಗಿ ಒಂದು ಕಡ್ಡಿ ಬಂತು. ಆ ಕಡ್ಡಿ ಎಷ್ಟುದ್ದ ಇರಬೇಕು ಅಂತ ಹೇಳುವ ಅಧಿಕಾರ ರಾಜನ ಕೈಗೆ, ಇಲ್ಲವೇ ವ್ಯಾಪಾರಿಗಳ ಕೈಗೆ ಹೋಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಯುರೋಪಿನಲ್ಲಿ ಬಟ್ಟೆ ಅಳೆಯಲು ಎಲ್ ಅನ್ನುವ ಅಳತೆ ಇತ್ತು. ಇಂಗ್ಲೆಂಡಿನ ಎಲ್ 45 ಇಂಚು, ಸ್ಕಾಟ್ಲೆಂಡಿನದು 37 ಇಂಚು, ಫ್ಲಾಂಡರ್ಸಿನದು 27 ಇಂಚು. ಸಮುದ್ರ ದಾಟಿದರೆ ಅದೇ ಹೆಸರಿನ ಅಳತೆ ಅರ್ಧಕ್ಕೆ ಹತ್ತಿರ ಇಳಿಯುತ್ತಿತ್ತು. ಜಪಾನಿನಲ್ಲಿ ಬಡಗಿಯ ಅಳತೆಗೋಲು ಸುಮಾರು 30 ಸೆಂಟಿಮೀಟರ್ ಇದ್ದರೆ, ಬಟ್ಟೆಗೆ ಬೇರೆಯೇ ಕೋಲು, ಸುಮಾರು 38 ಸೆಂಟಿಮೀಟರಿನದು. ಬಟ್ಟೆಯ ಅಳತೆಗೂ ಮರದ ಅಳತೆಗೂ ಹೆಸರು ಒಂದೇ ಇದ್ದು ಉದ್ದ ಬೇರೆ ಇರುವುದು ಆಗಿನ ಲೋಕದಲ್ಲಿ ಆಶ್ಚರ್ಯದ ವಿಷಯ ಆಗಿರಲಿಲ್ಲ.

ಅಳತೆಯಲ್ಲಿ ಮೋಸ ಮಾಡುವವರ ಹೆಸರಲ್ಲೇ ಕುರ್‌ಆನಿನ 83ನೆಯ ಸೂರಾ ಇದೆ, ಅಲ್-ಮುತಫ್ಫಿಫೀನ್. ತಾವು ತೆಗೆದುಕೊಳ್ಳುವಾಗ ಪೂರ್ತಿ ಅಳೆದು, ಬೇರೆಯವರಿಗೆ ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಅದು ಮಾತಾಡುತ್ತದೆ. ಇಸ್ಲಾಮಿ ನಗರಗಳಲ್ಲಿ ಬಜಾರವನ್ನು ಸುತ್ತಿ ಗಜ, ತಕ್ಕಡಿ ಪರೀಕ್ಷೆ ಮಾಡುವ ಮುಹ್ತಸಿಬ್ ಎನ್ನುವ ಅಧಿಕಾರಿ ಇರುತ್ತಿದ್ದ. ಅಂದರೆ ಸರಿಯಾದ ಅಳತೆ ಅನ್ನುವುದು ಗಣಿತದ ವಿಷಯ ಅಷ್ಟೇ ಅಲ್ಲ, ನ್ಯಾಯದ ವಿಷಯ ಅನ್ನುವುದು ಹಳೆಯ ತಿಳಿವಳಿಕೆ.

ಒಂದು ಟಂಕಕ್ಕೆ ಇಪ್ಪತ್ತು ಗಜ

ಬೆಲೆ ಮತ್ತು ಅಳತೆ ಎರಡನ್ನೂ ಸರ್ಕಾರವೇ ಕೈಗೆ ತೆಗೆದುಕೊಂಡ ದೊಡ್ಡ ಉದಾಹರಣೆ ದೆಹಲಿಯ ಅಲಾವುದ್ದೀನ್ ಖಿಲ್ಜಿಯದ್ದು. ಆತ ಆಳಿದ್ದು 1296ರಿಂದ 1316ರವರೆಗೆ. ದೊಡ್ಡ ಸೈನ್ಯವನ್ನು ಕಡಿಮೆ ಸಂಬಳದಲ್ಲಿ ಸಾಕಬೇಕಾದರೆ ಧಾನ್ಯ, ಬಟ್ಟೆ, ಕುದುರೆ ಎಲ್ಲವೂ ಅಗ್ಗ ಇರಬೇಕು ಅನ್ನುವುದು ಅವನ ಲೆಕ್ಕ. ಬಟ್ಟೆಗಾಗಿಯೇ ಬದಾಯೂಂ ಬಾಗಿಲಿನ ಹತ್ತಿರ ಸರಾಯ್ ಅದ್ಲ್ ಅನ್ನುವ ಮಾರುಕಟ್ಟೆ ಮಾಡಿಸಿದ. ಅದ್ಲ್ ಅಂದರೆ ನ್ಯಾಯ.

ಆ ಕಾಲದ ಬಗ್ಗೆ ಬರೆದ ಜಿಯಾವುದ್ದೀನ್ ಬರನಿ ಬಟ್ಟೆಗಳ ದರಪಟ್ಟಿ ಕೊಟ್ಟಿದ್ದಾನೆ. ನಯವಾದ ಹತ್ತಿ ಬಟ್ಟೆ ಒಂದು ಟಂಕಕ್ಕೆ 20 ಗಜ, ಒರಟು ಬಟ್ಟೆ ಒಂದು ಟಂಕಕ್ಕೆ 40 ಗಜ. ಇಲ್ಲಿ ಒಂದು ವಿಷಯ ಗಮನಿಸಿ. ಈಗ ನಾವು ಮೀಟರಿಗೆ ಎಷ್ಟು ರೂಪಾಯಿ ಅಂತ ಕೇಳುತ್ತೇವೆ. ಆಗಿನ ಲೆಕ್ಕ ಟಂಕಕ್ಕೆ ಎಷ್ಟು ಗಜ ಅಂತ. ನಾಣ್ಯ ಒಂದೇ, ಬದಲಾಗುವುದು ಬಟ್ಟೆಯ ಉದ್ದ. ಹಾಗಾಗಿ ಗಜಕಡ್ಡಿಯನ್ನು ಒಂದು ಬೆರಳು ಗಿಡ್ಡ ಮಾಡಿದರೂ ಬೆಲೆ ಏರಿಸಿದ ಹಾಗೆಯೇ ಲೆಕ್ಕ.

ಊರಿಂದೂರಿಗೆ ಬೆಲೆ ಬೇರೆ ಆದಾಗ ಏನಾಗುತ್ತದೆ ಅನ್ನುವುದೂ ಬರನಿಯ ಬರಹದಲ್ಲಿದೆ. ಹೊರಗಿನಿಂದ ಬಟ್ಟೆ ತಂದು ಸರ್ಕಾರಿ ದರಕ್ಕೆ ಮಾರಿದರೆ ವ್ಯಾಪಾರಿಗೆ ನಷ್ಟ. ಅದಕ್ಕೆ ಮುಲ್ತಾನಿ ವ್ಯಾಪಾರಿಗಳಿಗೆ ಖಜಾನೆಯಿಂದ 20 ಲಕ್ಷ ಟಂಕ ಮುಂಗಡ ಕೊಡಲಾಯಿತು. ಇನ್ನೊಂದು ಕಡೆ, ದೆಹಲಿಯಲ್ಲಿ ಅಗ್ಗಕ್ಕೆ ಕೊಂಡು ಬೇರೆ ಊರಲ್ಲಿ ನಾಲ್ಕೈದು ಪಟ್ಟು ಬೆಲೆಗೆ ಮಾರುವವರು ಹುಟ್ಟಿಕೊಂಡಾರು ಅಂತ, ಬೆಲೆಬಾಳುವ ಬಟ್ಟೆ ಕೊಳ್ಳಲು ಪರವಾನೆ ಬೇಕು ಅನ್ನುವ ನಿಯಮ ಬಂತು. ಇವತ್ತಿನ ಸಬ್ಸಿಡಿ, ಲೈಸೆನ್ಸು ಎರಡೂ ಆಗಲೇ ಇದ್ದವು.

ತೂಕದಲ್ಲಿ ಕಡಿಮೆ ಕೊಟ್ಟವನ ಮೈಯಿಂದ ಅಷ್ಟೇ ಮಾಂಸ ಕೊಯ್ಯುತ್ತಿದ್ದರು ಅಂತಲೂ ಬರನಿ ಬರೆಯುತ್ತಾನೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳು ಹೆದರಿ ಸುಮ್ಮನಾಗುತ್ತಾರೆ. ಆಗ ನಾನು ಕೇಳುತ್ತೇನೆ, ಇಷ್ಟು ಹೆದರಿಸಿ ಮಾಡಿದ ವ್ಯವಸ್ಥೆ ಎಷ್ಟು ದಿನ ಉಳಿಯಿತು? ಅಲಾವುದ್ದೀನ್ ಸತ್ತ ಮೇಲೆ ಮಗ ಮುಬಾರಕನ ಕಾಲದಲ್ಲೇ ಅದು ಕುಸಿದುಬಿತ್ತು. ಜನ ಒಪ್ಪಿ ಹಿಡಿದ ಅಳತೆ ಅದಾಗಿರಲಿಲ್ಲ, ಸುಲ್ತಾನನ ಭಯಕ್ಕೆ ಹಿಡಿದ ಅಳತೆಯಾಗಿತ್ತು.

ಅಕ್ಬರನ ಬೆರಳುಗಳು

ಆಮೇಲೆ ಬಂದವರು ಉದ್ದದ ಗೊಂದಲಕ್ಕೆ ಕೈಹಾಕಿದರು. ಸಿಕಂದರ್ ಲೋದಿ ನಾಣ್ಯಗಳನ್ನು ಸಾಲಾಗಿ ಜೋಡಿಸಿ ಗಜ ಮಾಡಿಸಿದ, ನಲವತ್ತೊಂದೂವರೆ ಸಿಕಂದರಿ ನಾಣ್ಯದ ಅಗಲ ಒಂದು ಗಜ. ಹುಮಾಯೂನ್ ಅದಕ್ಕೆ ಅರ್ಧ ಸೇರಿಸಿ 42 ಮಾಡಿದ. ನಾಣ್ಯದಿಂದಲೇ ಗಜ! ಬೆಲೆಯೂ ಅಳತೆಯೂ ಒಂದೇ ಲೋಹದ ತುಂಡಿನಲ್ಲಿ.

ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಗಜದ ಬಗ್ಗೆ ವಿವರವಾಗಿ ಬರೆದಿದ್ದಾನೆ. ಹಿಂದಿನ ಕಾಲದಲ್ಲಿ ಉದ್ದ, ಮಧ್ಯಮ, ಗಿಡ್ಡ ಅಂತ ಮೂರು ಗಜಗಳಿದ್ದವು. ಮೂರಕ್ಕೂ 24 ಭಾಗ. ಆದರೆ ಉದ್ದ ಗಜದ ಒಂದು ಭಾಗಕ್ಕೆ ಎಂಟು ಬಾರ್ಲಿ ಕಾಳಿನ ಅಗಲ, ಮಧ್ಯಮಕ್ಕೆ ಏಳು, ಗಿಡ್ಡಕ್ಕೆ ಆರು. ಹೊಲ, ದಾರಿ, ಕೋಟೆ ಅಳೆಯಲು ಉದ್ದದ್ದು. ಕಟ್ಟಡ, ಬಾವಿ, ತೋಟಕ್ಕೆ ಮಧ್ಯಮ. ಬಟ್ಟೆ, ಮಂಚ, ಪಲ್ಲಕ್ಕಿಗೆ ಗಿಡ್ಡದ್ದು. ಅಂದರೆ ಬಟ್ಟೆಯ ಗಜ ಹೊಲದ ಗಜದ ಮುಕ್ಕಾಲು ಭಾಗ ಮಾತ್ರ. ಹೊಲದಲ್ಲಿ ದುಡಿದು ಬಜಾರಕ್ಕೆ ಬಂದ ರೈತ, ಹೊಲದಲ್ಲಿ ನೋಡಿದ ಗಜವನ್ನೇ ತಲೆಯಲ್ಲಿಟ್ಟುಕೊಂಡು ಬಟ್ಟೆ ಕೊಂಡರೆ ಅವನ ಕುರ್ತಾ ಏನಾಗುತ್ತಿತ್ತು, ನೀವೇ ಊಹಿಸಿ.

ಅಕ್ಬರನ ಕಾಲದಲ್ಲೂ ಮೊದಲು ಬಟ್ಟೆಗೆ ಬೇರೆ ಗಜ ಇತ್ತು, 46 ಬೆರಳಿನ ಅಕ್ಬರ್‌ಶಾಹಿ ಗಜ. ಅವನ ಆಳ್ವಿಕೆಯ 31ನೆಯ ವರ್ಷದಲ್ಲಿ, ಅಂದರೆ 1586ರ ಸುಮಾರಿಗೆ, ಅದನ್ನು ತೆಗೆದು ಎಲ್ಲಕ್ಕೂ 41 ಬೆರಳಿನ ಇಲಾಹಿ ಗಜ ಒಂದೇ ಸಾಕು ಅಂತ ಹುಕುಂ ಆಯಿತು. ಒಳ್ಳೆಯ ಯೋಚನೆಯೇ. ಆದರೆ 46 ಬೆರಳಿನ ಕಡ್ಡಿಗೆ ಒಗ್ಗಿದ್ದ ಗಿರಾಕಿಗೆ 41 ಬೆರಳಿನ ಕಡ್ಡಿಯಲ್ಲಿ ಅಳೆದು ಹಳೆಯ ಬೆಲೆಯನ್ನೇ ಹೇಳಿದರೆ, ಒಂಬತ್ತರಲ್ಲಿ ಒಂದು ಭಾಗ ಬಟ್ಟೆ ಸದ್ದಿಲ್ಲದೆ ಹೋಗುತ್ತದೆ. ಅಳತೆ ಬದಲಾದಾಗಲೆಲ್ಲ ಇರುವ ಅಪಾಯ ಇದೇ. ಬೆಲೆಯೂ ಜೊತೆಗೆ ಬದಲಾಗಬೇಕು. ಅದು ಬದಲಾಯಿತೋ ಇಲ್ಲವೋ ಅಂತ ನೋಡಲು ಗಿರಾಕಿಗೆ ಲೆಕ್ಕ ಗೊತ್ತಿರಬೇಕು.

ಬೆರಳಿನಲ್ಲಿ ಹೇಳಿದ ಗಜ ಮುಂದೆ ಒಂದೊಂದು ಕಡೆ ಒಂದೊಂದು ಉದ್ದವಾಯಿತು. ಇಂಗ್ಲಿಷರು ಇಂಚಿನಲ್ಲಿ ಅಳೆದಾಗ ಬೊಂಬಾಯಿಯ ಗಜ 27 ಇಂಚು, ಮದರಾಸಿನದು 33 ಇಂಚು, ಬಂಗಾಳದ್ದು 36 ಇಂಚು ಅಂತ ದಾಖಲಾಯಿತು. ಉತ್ತರ ಭಾರತದ ಭೂಮಾಪನಕ್ಕಾಗಿ ಇಲಾಹಿ ಗಜವನ್ನು 1820ರ ದಶಕದಲ್ಲಿ 33 ಇಂಚು ಅಂತ ನಿಗದಿ ಮಾಡಿದರು. ಬೊಂಬಾಯಿಯಲ್ಲಿ ನಾಲ್ಕು ಗಜ ಕೊಂಡವನಿಗೆ ಸಿಕ್ಕದ್ದು ಬಂಗಾಳದ ಮೂರು ಗಜ. ಹೆಸರು ಒಂದೇ ಇದ್ದುದರಿಂದಲೇ ಮೋಸ ಹೋಗುವುದು ಸುಲಭ. ನಮ್ಮ ತಂಗಿಯ "4" ಕೂಡ ಹೀಗೇ ಅಲ್ಲವೇ?

ಪಲಂಗ್‌ಪೋಶ್ ಸಮುದ್ರ ದಾಟಿತು

ಹೈದರಾಬಾದಿನಲ್ಲಿರುವ ನಮಗೆ ಹತ್ತಿರದ ಕಥೆಯೊಂದಿದೆ. ಗೋಲ್ಕೊಂಡದ ಬಂದರು ಮಚಲಿಪಟ್ಟಣದಿಂದ ಕೈಬರಹದ, ಅಚ್ಚಿನ ಹೂಬಟ್ಟೆಗಳು ಇರಾನಿಗೂ ಯುರೋಪಿಗೂ ಹೋಗುತ್ತಿದ್ದವು. ಮಂಚದ ಮೇಲೆ ಹಾಸುವ ಹೊದಿಕೆಗೆ ನಾವು ಅನ್ನುವ ಪಲಂಗ್‌ಪೋಶ್ ಇಂಗ್ಲಿಷರ ಬಾಯಲ್ಲಿ ಪಾಲಂಪೋರ್ ಆಯಿತು. ಆ ಕಡೆ ಬಂಗಾಳದಿಂದ ಕಸೂತಿ ಮಾಡಿದ ರಜಾಯಿಗಳು ಪೋರ್ಚುಗಲ್ಲಿಗೆ ಹೋಗುತ್ತಿದ್ದವು.

ಒಗೆದರೂ ಬಣ್ಣ ಬಿಡದ, ಹಗುರಾದ, ಬೆಲೆಯಲ್ಲೂ ಕೈಗೆಟಕುವ ಈ ಬಟ್ಟೆ ಬಂದ ಮೇಲೆ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಎಬ್ಬಿಸಿದರು. ಫ್ರಾನ್ಸ್ 1686ರಲ್ಲಿ ಹೂಬಟ್ಟೆಗೆ ನಿಷೇಧ ಹಾಕಿ 1759ರವರೆಗೆ ಬಿಡಲಿಲ್ಲ. ಇಂಗ್ಲೆಂಡ್ 1700ರಲ್ಲಿ ಅಚ್ಚಿನ ಬಟ್ಟೆಯ ಆಮದು ನಿಲ್ಲಿಸುವ ಕಾನೂನು ಮಾಡಿತು. 1721ರ ಕಾನೂನು ಅದನ್ನು ಉಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ತಡೆಯಿತು. ಅದು ರದ್ದಾದದ್ದು 1774ರಲ್ಲಿ, ಅಷ್ಟರಲ್ಲಿ ಅವರ ದೇಶದಲ್ಲೇ ಹತ್ತಿ ಬಟ್ಟೆ ತಯಾರಾಗುತ್ತಿತ್ತು. ಸಿಗದ ವಸ್ತುವಿಗೆ ಬೆಲೆ ಹೆಚ್ಚು. ಅಲ್ಲಿನ ಹೆಂಗಸರು ಭಾರತದ ಹೂಬಟ್ಟೆಯ ಸಣ್ಣ ತುಂಡನ್ನೂ ಬಿಸಾಡದೆ, ಒಂದೊಂದು ಹೂವು, ಹಕ್ಕಿಯನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲಿಟ್ಟು ಹೊಲಿದು ಹೊದಿಕೆ ಮಾಡಿಕೊಂಡರು. ನಮ್ಮ ನಾನಿ ಹಳೆಯ ಸೀರೆಯ ಅಂಚನ್ನು ಉಳಿಸಿಕೊಂಡು ಕೌದಿಗೆ ಹಾಕುತ್ತಿದ್ದಂತೆಯೇ ಇದು.

ಈ ಬಟ್ಟೆ ನೇಯ್ದವರಿಗೆ ಎಷ್ಟು ಸಿಕ್ಕಿತು? ಬಂಗಾಳದಲ್ಲಿ ಕಂಪನಿಯ ಗುಮಾಸ್ತರು ನೇಕಾರರಿಗೆ ಮುಂಗಡ ಕೊಟ್ಟು ಕಟ್ಟಿಹಾಕಿ, ಬಟ್ಟೆ ಪರೀಕ್ಷಿಸುವವರ ಜೊತೆ ಸೇರಿ ತಾವೇ ಬೆಲೆ ಕಟ್ಟುತ್ತಿದ್ದರು. ಆ ಬೆಲೆ ಬಜಾರದ ಬೆಲೆಗಿಂತ ನೂರಕ್ಕೆ ಹದಿನೈದರಷ್ಟು, ಕೆಲವು ಕಡೆ ನಲವತ್ತರಷ್ಟು ಕಡಿಮೆ ಇತ್ತು ಅಂತ ಕಂಪನಿಯಲ್ಲೇ ಕೆಲಸ ಮಾಡಿದ್ದ ವಿಲಿಯಂ ಬೋಲ್ಟ್ಸ್ 1772ರ ತನ್ನ ಪುಸ್ತಕದಲ್ಲಿ ಬರೆದ. ಬಟ್ಟೆ ನೇಯ್ದವನು ನೇಕಾರ, ಆದರೆ ಗಜಕಡ್ಡಿಯೂ ಲೆಕ್ಕದ ಪುಸ್ತಕವೂ ಇನ್ನೊಬ್ಬರ ಕೈಯಲ್ಲಿದ್ದವು.

ಹಾಲಿಯೋ, ಕಲ್ದಾರೋ?

ಬಟ್ಟೆಯ ಬೆಲೆ ಹೋಲಿಸಲು ಗಜ ಗೊತ್ತಿದ್ದರೆ ಸಾಲದು, ನಾಣ್ಯವೂ ಗೊತ್ತಿರಬೇಕು. ಇದನ್ನು ನನಗೆ ಮೊದಲು ಹೇಳಿದ್ದು ಪುಸ್ತಕ ಅಲ್ಲ, ನಾನಿ. ಅವರ ಬಾಲ್ಯ ಕಳೆದದ್ದು ಗುಲ್ಬರ್ಗದ ಹತ್ತಿರದ ಹಳ್ಳಿಯಲ್ಲಿ, ನಿಜಾಮರ ಕಾಲದಲ್ಲಿ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಇಂಗ್ಲಿಷ್ ಸರ್ಕಾರದ ರೂಪಾಯಿಗೆ ಜನ ಕಲ್ದಾರ್ ಅನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಸಮ. ಗುಲ್ಬರ್ಗ, ರಾಯಚೂರು, ಬೀದರ್ ಹಾಲಿಯ ಕಡೆ. ಸೊಲ್ಲಾಪುರ, ಬಿಜಾಪುರ ಕಲ್ದಾರಿನ ಕಡೆ. ಎರಡೂ ಕಡೆ ಕನ್ನಡ ಮಾತು, ಎರಡೂ ಕಡೆ ಕೌದಿ, ಆದರೆ ಜೇಬಿನ ರೂಪಾಯಿ ಬೇರೆ.

ಸೊಲ್ಲಾಪುರದ ಮಿಲ್ ಬಟ್ಟೆಗೆ ಅಲ್ಲಿ ಗಜಕ್ಕೆ ಆರಾಣೆ ಅಂದರೆ, ಗಡಿ ದಾಟಿ ಗುಲ್ಬರ್ಗಕ್ಕೆ ಬರುವಷ್ಟರಲ್ಲಿ ಅದು ಏಳಾಣೆ. ಬೆಲೆ ಏರಿದ್ದಲ್ಲ, ಆಣೆ ಬೇರೆ ಅಷ್ಟೇ. ಇದರ ಮೇಲೆ ಸಂಸ್ಥಾನದ ಕರೋಡಗಿರಿ ಸುಂಕ ಬೇರೆ. ಗುಲ್ಬರ್ಗದಲ್ಲೇ ಮೆಹಬೂಬ್ ಶಾಹಿ ಮಿಲ್ಲು ಇತ್ತು, ಜನ ಈಗಲೂ ಎಂ.ಎಸ್.ಕೆ. ಮಿಲ್ ಅನ್ನುತ್ತಾರೆ. ಗಡಿಯಾಚೆ ನಂಟಸ್ತನ ಇದ್ದವರು ಬಟ್ಟೆಯ ಬೆಲೆ ಹೇಳಿದಾಗ ನಾನಿಯ ಮನೆಯವರು ಮೊದಲು ಕೇಳುತ್ತಿದ್ದುದು, "ಹಾಲಿಯೋ, ಕಲ್ದಾರೋ?" ಅಂತ. ಶಾಲೆಗೆ ಹೋಗದ ನಾನಿಗೆ ಈ ಪ್ರಶ್ನೆ ಗೊತ್ತಿತ್ತು. ಬಿ.ಎಡ್. ಮಾಡಿದ ನಾನು "ಯಾರ್ಡೋ, ಮೀಟರೋ?" ಅಂತ ಕೇಳಲಿಲ್ಲ.

1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಹಾಲಿ ಸಿಕ್ಕಾ ಕೆಲವೇ ವರ್ಷಗಳಲ್ಲಿ ಮರೆಯಾಯಿತು. 1956ರಲ್ಲಿ ಆ ಮೂರು ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಬಂದವು. ಅದೇ ವರ್ಷ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ತರುವ ಕಾನೂನು ಪಾಸಾಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆಯ ಬದಲು 100 ನಯಾ ಪೈಸೆ ಬಂತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಶುರುವಾಗಿ, 1960ರ ದಶಕದ ಮೊದಲ ವರ್ಷಗಳಲ್ಲಿ ಎಲ್ಲ ಕಡೆಗೂ ಬಂತು. ಹತ್ತೇ ಹನ್ನೆರಡು ವರ್ಷಗಳಲ್ಲಿ ಒಂದೇ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ಹಾಲಿ ಹೋಗಿ ರೂಪಾಯಿ, ಆಣೆ ಹೋಗಿ ಪೈಸೆ ಬಂದವು. ಅಂಗಡಿಯಲ್ಲಿ ಗಜ ಹೋಗಿ ಮೀಟರ್ ಬಂತು.

ಮೀಟರು ಗಜಕ್ಕಿಂತ ಮೂರು ಇಂಚಿನ ಮೇಲೆ ಉದ್ದ. ಗಜಕ್ಕೆ ಒಂದು ರೂಪಾಯಿ ಇದ್ದ ಬಟ್ಟೆಗೆ ಮೀಟರಿಗೆ ಒಂದು ರೂಪಾಯಿ ಒಂಬತ್ತು ಪೈಸೆ ಕೊಟ್ಟರೆ ನ್ಯಾಯ. ಅದಕ್ಕಿಂತ ಹೆಚ್ಚು ಕೇಳಿದರೆ ಹೊಸ ಅಳತೆಯ ಹೆಸರಲ್ಲಿ ಬೆಲೆ ಏರಿಸಿದ್ದು. ಈ ಒಂಬತ್ತು ಪೈಸೆಯ ಲೆಕ್ಕ ಬಂದವರು ಬದುಕಿಕೊಂಡರು. ದರ್ಜಿಗಳ ಬಾಯಲ್ಲಿ ಮಾತ್ರ ಗಜದ ಹದಿನಾರನೆಯ ಭಾಗವಾದ ಗಿರಹ್, ಅಂದರೆ ಎರಡೂಕಾಲು ಇಂಚು, ಬಹಳ ಕಾಲ ಉಳಿದುಕೊಂಡಿತು.

ಇವತ್ತಿನ ಲೋಕದಲ್ಲಿ

ಈಗ ಯಾರ್ಡು ಅಂದರೆ ಎಲ್ಲಾ ಕಡೆ ಒಂದೇ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳು ಸೇರಿ ಒಂದು ಯಾರ್ಡಿಗೆ 0.9144 ಮೀಟರ್ ಅಂತ ಒಪ್ಪಿಕೊಂಡವು. ಅಲ್ಲಿಯವರೆಗೆ ಅಮೆರಿಕದ ಯಾರ್ಡಿಗೂ ಬ್ರಿಟನ್ನಿನ ಯಾರ್ಡಿಗೂ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಇತ್ತು. ತಮಾಷೆ ಅಂದರೆ ಯಾರ್ಡು ಹುಟ್ಟಿದ ಬ್ರಿಟನ್ನಿನ ಬಟ್ಟೆ ಅಂಗಡಿಯಲ್ಲಿ ಈಗ ಮೀಟರು. ಅಮೆರಿಕದಲ್ಲಿ ಯಾರ್ಡು ಗಟ್ಟಿಯಾಗಿ ಕೂತಿದೆ. ಬಾಂಗ್ಲಾದೇಶದ ಬಟ್ಟೆ ಅಂಗಡಿಯಲ್ಲಿ ಗಜದ ಮಾತು ಇನ್ನೂ ನಡೆಯುತ್ತದೆ. ನಮ್ಮಲ್ಲಿ 2009ರ ಕಾನೂನು ಮಾಪನದ ಕಾಯ್ದೆಯ ಪ್ರಕಾರ ವ್ಯಾಪಾರದ ದರವನ್ನು ಮೀಟರಿನಂಥ ಅಧಿಕೃತ ಅಳತೆಯಲ್ಲೇ ಹೇಳಬೇಕು.

ಅಮೆರಿಕದಲ್ಲಿ ಕೌದಿ ಹೊಲಿಯುವುದು ದೊಡ್ಡ ಹವ್ಯಾಸ. ಅದಕ್ಕಾಗಿಯೇ ಬಟ್ಟೆಯನ್ನು ತುಂಡು ಮಾಡಿ ಮಾರುತ್ತಾರೆ. ಅರ್ಧ ಯಾರ್ಡು ಬಟ್ಟೆಯನ್ನು ಪನ್ನಾದ ಮಧ್ಯಕ್ಕೆ ಕತ್ತರಿಸಿದರೆ 18 ಇಂಚಿಗೆ 22 ಇಂಚಿನ ತುಂಡು ಸಿಗುತ್ತದೆ. ಅದಕ್ಕೆ ಅವರು ಫ್ಯಾಟ್ ಕ್ವಾರ್ಟರ್ ಅನ್ನುತ್ತಾರೆ, ದಪ್ಪ ಕಾಲುಭಾಗ ಅಂತ. ಕಾಲು ಯಾರ್ಡೇ, ಆದರೆ ಉದ್ದನೆಯ ಪಟ್ಟಿಯ ಬದಲು ಅಗಲವಾದ ತುಂಡು. ಮೀಟರ್ ಬಳಸುವ ದೇಶದಲ್ಲಿ ಅದೇ ಹೆಸರಿನ ತುಂಡು 50 ಸೆಂಟಿಮೀಟರಿಗೆ 55 ಸೆಂಟಿಮೀಟರ್, ಅಂದರೆ ಉದ್ದದಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಹೆಚ್ಚು. ಒಂದು ದೇಶದ ನಕ್ಷೆ ಇಟ್ಟುಕೊಂಡು ಇನ್ನೊಂದು ದೇಶದ ತುಂಡು ಕೊಂಡರೆ ಎಲ್ಲೋ ಒಂದು ಮೂಲೆ ಸಾಲದೆ ಬರುತ್ತದೆ.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಅಮೆರಿಕದಲ್ಲಿ 44 ಇಂಚಿನ ಬಟ್ಟೆ ಯಾರ್ಡಿಗೆ 12 ಡಾಲರ್ ಅಂತ ಇಟ್ಟುಕೊಳ್ಳೋಣ. ಇದನ್ನು ನಮ್ಮ ಮೀಟರ್ ಬೆಲೆಯ ಜೊತೆ ನೇರ ಹೋಲಿಸಬಾರದು. ಮೊದಲು 0.9144ರಿಂದ ಭಾಗಿಸಿ, ಮೀಟರಿಗೆ ಸುಮಾರು 13 ಡಾಲರ್ 12 ಸೆಂಟ್ ಆಗುತ್ತದೆ. ಆಮೇಲೆ ಆ ದಿನದ ವಿನಿಮಯ ದರದಿಂದ ರೂಪಾಯಿ ಮಾಡಿ. ಕೊನೆಗೆ ಪನ್ನಾವನ್ನು ಮೀಟರಿನಲ್ಲಿ ಬರೆದು ಅದರಿಂದ ಭಾಗಿಸಿ, ಒಂದು ಚದರ ಮೀಟರಿನ ಬೆಲೆ ಸಿಗುತ್ತದೆ. ಉದ್ದ, ನಾಣ್ಯ, ಪನ್ನಾ. ಈ ಮೂರೂ ಒಂದೇ ಆದ ಮೇಲೆ ಉಳಿಯುವ ವ್ಯತ್ಯಾಸವೇ ನಿಜವಾದ ವ್ಯತ್ಯಾಸ. ಅದರಲ್ಲಿ ನೂಲಿನ ಗುಣ, ಸಾಗಾಣಿಕೆ, ಸುಂಕ, ಅಂಗಡಿ ಬಾಡಿಗೆ, ಕೆಲಸದವರ ಸಂಬಳ ಎಲ್ಲ ಸೇರಿರುತ್ತದೆ. "ಅಲ್ಲಿ ದುಬಾರಿ, ಇಲ್ಲಿ ಅಗ್ಗ" ಅಂತ ಹೇಳುವುದು ಆಮೇಲಿನ ಮಾತು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ವಿಷಯ ಲೆಕ್ಕದ ಹೊರಗೇ ಉಳಿಯುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಈಗ ಹೊರದೇಶಗಳಲ್ಲೂ ಹೆಸರಾಗಿವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಮಧ್ಯಕ್ಕೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಅಲ್ಲಿ ಬಟ್ಟೆಗೆ ಬೆಲೆಯೇ ಇಲ್ಲ, ಹರಿದ ಸೀರೆ, ಹಳೆಯ ಅಂಗಿ. ಇರುವ ಬೆಲೆಯೆಲ್ಲ ಕೈಯ ಕೆಲಸದ್ದು, ಕೂತ ದಿನಗಳದ್ದು. ಬಟ್ಟೆಗೆ ಮೀಟರ್ ಬಂತು, ಕಾನೂನು ಬಂತು. ಹೊಲಿಯುವವರ ದಿನಗಳಿಗೆ ಇನ್ನೂ ಅಂಥ ಗಟ್ಟಿ ಅಳತೆ ಬಂದಿಲ್ಲ. ಕೈಹೊಲಿಗೆಯ ಕೌದಿ ಕೊಳ್ಳುವಾಗ ಚೌಕಾಶಿ ಮಾಡುವ ಮುಂಚೆ ಇದನ್ನೂ ಯೋಚಿಸಬೇಕು.

ನಮ್ಮ ಕೌದಿ ಏನಾಯಿತು ಅಂತ ಕೇಳುತ್ತೀರಾ? ಅಮ್ಮಿ ನಾನಿಯ ಹಳೆಯ ಇಳಕಲ್ ಸೀರೆಯ ಅಂಚನ್ನು ಪೆಟ್ಟಿಗೆಯಿಂದ ತೆಗೆದು, ಕಮ್ಮಿ ಬಿದ್ದ ಐದು ಇಂಚಿಗೆ ಜೋಡಿಸಿದರು. ಎರಡು ತಿಂಗಳು ಕೂತು ಹೊಲಿದರು. ಕೌದಿ ಶಿಕಾಗೋ ಮುಟ್ಟಿದ ಮೇಲೆ ತಂಗಿ ಫೋನ್ ಮಾಡಿ, ಆ ಅಂಚಿನ ಪಟ್ಟಿಯೇ ತನಗೆ ಎಲ್ಲಕ್ಕಿಂತ ಇಷ್ಟವಾಯಿತು ಅಂದಳು. ಅದು ನನ್ನ ತಪ್ಪಿನ ಅಳತೆ ಅಂತ ಅವಳಿಗೆ ನಾನು ಹೇಳಿಲ್ಲ. ಮೊನ್ನೆ ಮತ್ತೆ ಮೆಸೇಜ್ ಬಂದಿದೆ, ತೊಟ್ಟಿಲ ಕೌದಿಗೆ "2" ಬೇಕಂತೆ. ಈ ಸಲ ನಾನು ತಕ್ಷಣ ಉತ್ತರ ಬರೆದೆ: "ಎರಡು ಏನು? ಪನ್ನಾ ಎಷ್ಟು?"